ಸಂಕೋಚವೂ ಸೇವಾ ಪುಸ್ತಕವೂ

ಉದ್ಯೋಗದಲ್ಲಿ ಹಿಂದೆ ಬೀಳುವವರೆಲ್ಲ ಸೋಮಾರಿಗಳೆಂದು ಸಾಮಾನ್ಯವಾಗಿ ಭಾವಿಸುವುದುಂಟು. ನಾನು ಕಂಡದ್ದು ಬೇರೆ. ನಿವೃತ್ತಿಯ ನಂತರ ನನ್ನನ್ನು ನೋಡಲು ಬರುವ, ಫೋನಿನಲ್ಲಿ ಕಷ್ಟಸುಖ ಹೇಳಿಕೊಳ್ಳುವ ಹಳೆಯ ವಿದ್ಯಾರ್ಥಿಗಳಲ್ಲಿ ಮುಂಬಡ್ತಿ ತಪ್ಪಿದವರು, ಪಿಂಚಣಿಗಾಗಿ ಅಲೆಯುತ್ತಿರುವವರು, ಕಂಪೆನಿಯಲ್ಲಿ ವರ್ಷಗಟ್ಟಲೆ ಒಂದೇ ಹುದ್ದೆಯಲ್ಲಿ ಉಳಿದವರು ಬಹುಪಾಲು ಕೆಲಸದಲ್ಲಿ ನಿಷ್ಠೆಯುಳ್ಳವರೇ. ಸೋಮಾರಿಗಳು ತಮ್ಮ ಹಿತವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಅವರ ಬಗ್ಗೆ ನನಗೆ ಚಿಂತೆಯಿಲ್ಲ.

ನಿಷ್ಠಾವಂತರನ್ನು ಕಾಡುವುದು ಒಂದು ನಂಬಿಕೆ. ‘ನಾನು ಮಾಡುವ ಕೆಲಸವೇ ನನ್ನ ಪರವಾಗಿ ಮಾತನಾಡುತ್ತದೆ; ನನ್ನ ವಿಷಯವನ್ನು ನಾನೇ ಎತ್ತುವುದು ಅಸಭ್ಯ’ ಎಂಬುದು ಆ ನಂಬಿಕೆ. ನಮ್ಮ ಮನೆಗಳಲ್ಲಿ ಒಳ್ಳೆಯ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದನ್ನು ಚಿಕ್ಕಂದಿನಿಂದಲೇ ರೂಢಿಸುತ್ತಾರೆ. ಮನೆಯಲ್ಲಿ ಅದು ಗುಣವೇ ಇರಬಹುದು. ಕಚೇರಿಯಲ್ಲಿ ಕೆಲಸಕ್ಕೆ ಬಾಯಿಲ್ಲ, ಅಲ್ಲಿ ಮಾತನಾಡುವುದು ಕಾಗದ ಮಾತ್ರ.

ಇದನ್ನು ಇಷ್ಟು ಖಂಡಿತವಾಗಿ ಹೇಳಲು ಕಾರಣಳಾದ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಅವಳ ಹೆಸರೂ ಇಲಾಖೆಯ ಹೆಸರೂ ಇಲ್ಲಿ ಬೇಡ. ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇವೆಗೆ ಸೇರಿದವಳು. ಲೆಕ್ಕದಲ್ಲಿ ಬಲು ಚುರುಕು. ಕಚೇರಿಯ ಬಿಲ್ಲುಗಳೆಲ್ಲ ಅವಳ ಕೈಯಿಂದಲೇ ಹೊರಡುತ್ತಿದ್ದವು. ಲೆಕ್ಕ ಪರಿಶೋಧನೆಯವರು ಬಂದರೆ ಮೇಲಧಿಕಾರಿಯಿಂದ ಜವಾನನವರೆಗೆ ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಒಂದು ವರ್ಷ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಪ್ರಕಟವಾಯಿತು. ಅದರಲ್ಲಿ ಅವಳು ಸೇವೆಗೆ ಸೇರಿದ ವರ್ಷದ ಅಂಕಿ ತಪ್ಪಾಗಿ ಅಚ್ಚಾಗಿ, ತನಗಿಂತ ಹಿಂದಿನವರ ಕೆಳಗೆ ಅವಳ ಹೆಸರು ಬಂದಿತ್ತು. ಅವಳು ಅದನ್ನು ನೋಡಿದಳು. ವಿಷಯ ನಿರ್ವಾಹಕರ ಮೇಜಿನ ಬಳಿ ಹೋಗಿ ಹೇಳಿಯೂ ಹೇಳಿದಳು. ಅವರು ‘ನೋಡೋಣ ಮೇಡಂ, ಸರಿಮಾಡೋಣ’ ಎಂದರು. ಕೆಲವು ವಾರಗಳಲ್ಲಿ ಅವರಿಗೆ ವರ್ಗವಾಯಿತು. ಆಕ್ಷೇಪಣೆಯ ಗಡುವು ಮುಗಿದು, ಅಂತಿಮ ಪಟ್ಟಿ ಅದೇ ತಪ್ಪಿನೊಡನೆ ಹೊರಬಂತು. ಮುಂದಿನ ಮುಂಬಡ್ತಿಯಲ್ಲಿ ಅವಳೇ ಕೆಲಸ ಕಲಿಸಿದ ಇಬ್ಬರು ಪ್ರಥಮ ದರ್ಜೆ ಸಹಾಯಕರಾದರು.

‘ನಾನು ಹೇಳಿದ್ದೆನಲ್ಲ ಸರ್’ ಎಂದಳು ನನ್ನೆದುರು ಕುಳಿತು.

‘ಬರೆದು ಕೊಟ್ಟಿದ್ದೆಯೇನಮ್ಮ?’ ಎಂದು ಕೇಳಿದೆ.

ಅವಳು ಉತ್ತರಿಸಲಿಲ್ಲ. ‘ಅವರು ಅಷ್ಟು ಒತ್ತಡದಲ್ಲಿದ್ದಾಗ ನನ್ನ ಸ್ವಂತದ ಕಾಗದ ಹಿಡಿದುಕೊಂಡು ಹೋಗುವುದು ಹೇಗೆ’ ಎಂದು ಆಮೇಲೆ ಹೇಳಿದಳು. ಆಗಲೇ ಎರಡು ವರ್ಷ ಕಳೆದಿತ್ತು. ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಹೋಗಬೇಕು. ಅದು ದಾಟಿದರೆ ವಿಳಂಬವನ್ನು ಮನ್ನಿಸಿರೆಂದು ಮೊದಲು ಬೇಡಿಕೊಳ್ಳಬೇಕು, ಆಮೇಲೆ ತನ್ನ ಅಳಲು. ಹಾಗೆ ಬೇಡುವಾಗ ತೋರಿಸಲು ಅವಳ ಕೈಯಲ್ಲಿ ಒಂದು ಸ್ವೀಕೃತಿಯ ಚೀಟಿಯೂ ಇರಲಿಲ್ಲ.

ಜ್ಯೇಷ್ಠತಾ ಪಟ್ಟಿ ಒಮ್ಮೆ ಆದರೆ ಆಯಿತೆಂದು ತಿಳಿಯಬಾರದು. ಮುಂಬಡ್ತಿ ಮೀಸಲಾತಿಯ ಜ್ಯೇಷ್ಠತೆಗೆ ಸಂಬಂಧಿಸಿದ ನಮ್ಮ ರಾಜ್ಯದ 2002ರ ಕಾಯಿದೆಯ ಮುಖ್ಯ ಕಲಮುಗಳನ್ನು ಸುಪ್ರೀಂ ಕೋರ್ಟು 2017ರಲ್ಲಿ ರದ್ದುಮಾಡಿದಾಗ ಇಲಾಖೆಗಳು ಪಟ್ಟಿಗಳನ್ನು ಹೊಸದಾಗಿ ಸಿದ್ಧಪಡಿಸಬೇಕಾಯಿತು. ಬಳಿಕ ಸರ್ಕಾರ ತಂದ 2018ರ ಕಾಯಿದೆಯನ್ನು ಅದೇ ನ್ಯಾಯಾಲಯ 2019ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಆ ತೀರ್ಪುಗಳ ಸರಿತಪ್ಪು ಈ ಲೇಖನದ ವಿಷಯವಲ್ಲ. ಯಾವ ಪಕ್ಷದವರಾದರೂ ತಮ್ಮ ನೇಮಕಾತಿ ಆದೇಶ, ಕೆಲಸಕ್ಕೆ ಹಾಜರಾದ ವರದಿ, ಪರೀಕ್ಷಾರ್ಥ ಅವಧಿ ತೃಪ್ತಿಕರವೆಂದು ಘೋಷಿಸಿದ ಆದೇಶ ಇವುಗಳ ಪ್ರತಿಯನ್ನು ಮನೆಯಲ್ಲಿಟ್ಟುಕೊಂಡಿದ್ದರೆ ಅಂಥ ಕಾಲದಲ್ಲಿ ಪರದಾಡಬೇಕಾಗುವುದಿಲ್ಲ ಎಂಬಷ್ಟೇ ನನ್ನ ಮಾತು.

ಸೇವಾ ಪುಸ್ತಕದ ಮಾತಿಗೆ ಬರುತ್ತೇನೆ. ತನ್ನ ಸೇವಾ ಪುಸ್ತಕವನ್ನು ನೋಡುವುದು ನೌಕರನ ಹಕ್ಕು. ಆದರೂ ಮೂವತ್ತು ವರ್ಷ ದುಡಿದು ಪಿಂಚಣಿ ಕಾಗದಗಳಿಗೆ ಸಹಿ ಹಾಕುವ ದಿನ ಮೊದಲ ಬಾರಿಗೆ ಅದನ್ನು ತೆರೆದು ನೋಡಿದ ಉಪಾಧ್ಯಾಯರನ್ನು ನಾನು ಬಲ್ಲೆ. ನಾನು ಪ್ರತಿ ವರ್ಷ ಬೇಸಗೆ ರಜೆಯಲ್ಲಿ ಒಂದು ದಿನ ಕಚೇರಿಗೆ ಹೋಗಿ ನನ್ನದನ್ನು ನೋಡಿಕೊಂಡು ಬರುತ್ತಿದ್ದೆ. ಒಂದು ವರ್ಷ ವಾರ್ಷಿಕ ವೇತನ ಬಡ್ತಿಯ ನಮೂದೇ ಬಿಟ್ಟುಹೋಗಿತ್ತು. ಸಂಬಳದಲ್ಲಿ ಅದು ಸೇರಿತ್ತು, ಪುಸ್ತಕದಲ್ಲಿ ಮಾತ್ರ ಇರಲಿಲ್ಲ. ಆಗಲೇ ಅರ್ಜಿ ಕೊಟ್ಟು ಬರೆಸಿಕೊಂಡೆ. ಸಹೋದ್ಯೋಗಿಗಳು ‘ಲೆಕ್ಕದ ಮೇಷ್ಟ್ರು’ ಎಂದು ನಗುತ್ತಿದ್ದರು, ನಾನು ಕಲಿಸುತ್ತಿದ್ದುದು ಕನ್ನಡವಾದರೂ!

ಆ ಪುಸ್ತಕದ ಮೊದಲ ಪುಟದಲ್ಲಿ ಜನ್ಮ ದಿನಾಂಕವಿರುತ್ತದೆ. ನಾನು ಸೇವೆಗೆ ಸೇರಿದ ಕಾಲದಲ್ಲಿ ಹಳ್ಳಿಯ ಅನೇಕ ತಂದೆತಾಯಿಗಳಿಗೆ ಮಗು ಹುಟ್ಟಿದ ದಿನ ನೆನಪಿರುತ್ತಿರಲಿಲ್ಲ. ‘ಯುಗಾದಿ ಆದ ಮೇಲೆ ಸ್ವಾಮಿ’, ‘ಆ ವರ್ಷ ಕೆರೆ ಕೋಡಿ ಬಿದ್ದಿತ್ತು’ ಎನ್ನುತ್ತಿದ್ದರು. ಶಾಲೆಗೆ ಸೇರುವ ವಯಸ್ಸಿಗೆ ಹೊಂದುವಂತೆ ಒಂದು ತಾರೀಖು ದಾಖಲಾಗುತ್ತಿತ್ತು. ಒಂದೇ ತರಗತಿಯಲ್ಲಿ ಜೂನ್ 1ರಂದು ಹುಟ್ಟಿದವರು ಹತ್ತಾರು ಮಂದಿ ಇರುತ್ತಿದ್ದರು. ಅದೇ ತಾರೀಖು ವರ್ಗಾವಣೆ ಪತ್ರಕ್ಕೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ಸೇವಾ ಪುಸ್ತಕಕ್ಕೆ ಪ್ರಯಾಣ ಮಾಡಿತು. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. ಮೇ 31ರಂದು ನಮ್ಮ ಕಚೇರಿಗಳಲ್ಲಿ ಇಷ್ಟೊಂದು ಬೀಳ್ಕೊಡುಗೆ ಸಮಾರಂಭಗಳು ನಡೆಯುವುದರ ಗುಟ್ಟು ಇದೇ.

ಈ ತಾರೀಖು ತಪ್ಪೆಂದು ಐವತ್ತೆಂಟನೆಯ ವಯಸ್ಸಿನಲ್ಲಿ ಜ್ಞಾನೋದಯವಾದರೆ ಪ್ರಯೋಜನವಿಲ್ಲ. ಈ ವಿಷಯಕ್ಕೆಂದೇ ನಮ್ಮ ರಾಜ್ಯದಲ್ಲಿ 1974ರ ಕಾಯಿದೆಯೊಂದಿದೆ. ವಯಸ್ಸು ಸೇವಾ ದಾಖಲೆಯಲ್ಲಿ ನಮೂದಾದ ಮೂರು ವರ್ಷಗಳೊಳಗೆ ತಿದ್ದುಪಡಿ ಕೇಳಬೇಕೆಂದು ಅದು ಹೇಳುತ್ತದೆ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಲವಾದ ಪುರಾವೆಯಿದ್ದರೂ ತಿದ್ದುಪಡಿಯನ್ನು ಹಕ್ಕೆಂದು ಕೇಳಲಾಗದು, ಸೇವೆಯ ಕೊನೆಗಾಲದಲ್ಲಿ ಬಂದ ಅರ್ಜಿಯನ್ನು ವಿಳಂಬದ ಕಾರಣಕ್ಕೇ ತಳ್ಳಿಹಾಕಬಹುದು ಎಂದಿತು. ಈಚೆಗೆ ಕೆಲಸಕ್ಕೆ ಸೇರಿರುವ ನಿಮ್ಮ ಮಕ್ಕಳಿಗೆ ಇದನ್ನು ತಿಳಿಸಿರಿ.

ಹೆಸರಿನ ತೊಡಕು ಖಾಸಗಿ ಉದ್ಯೋಗದಲ್ಲಿರುವವರಿಗೂ ಬಿಟ್ಟದ್ದಲ್ಲ. ಅಂಕಪಟ್ಟಿಯಲ್ಲಿ ಇನಿಷಿಯಲ್ಲು ಹೆಸರಿನ ಹಿಂದೆ, ಆಧಾರಿನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ಲು ಬಿಡಿಸಿಕೊಂಡು ಊರಿನ ಹೆಸರೂ ತಂದೆಯ ಹೆಸರೂ ಆಗಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳಿಗೆ ಗಂಡನ ಹೆಸರು ಬೇರೆ ಸೇರುತ್ತದೆ. ಭವಿಷ್ಯನಿಧಿಗೆ 2014ರಿಂದ ಎಲ್ಲ ಉದ್ಯೋಗಗಳಿಗೂ ಒಂದೇ ಖಾತಾ ಸಂಖ್ಯೆ ಬಂದು ಅನುಕೂಲವಾಗಿದೆ ನಿಜ. ಆದರೆ ಅಲ್ಲಿನ ಹೆಸರೂ ಆಧಾರಿನ ಹೆಸರೂ ಹೊಂದದಿದ್ದರೆ ಹಣ ಅಲ್ಲಿಯೇ ನಿಲ್ಲುತ್ತದೆ. ಇನ್ನೊಂದು ಸಂಗತಿ. ಕೆಲಸ ಬದಲಿಸಿದಾಗಲೆಲ್ಲ ಭವಿಷ್ಯನಿಧಿಯನ್ನು, ಅದರ ಪಿಂಚಣಿ ಭಾಗವನ್ನೂ ಸೇರಿಸಿ ತೆಗೆದು ಖರ್ಚು ಮಾಡುವವರು ಬಹಳ. ತಿಂಗಳ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ನಡುವೆ ಆ ಭಾಗವನ್ನು ತೆಗೆದರೆ ಅಷ್ಟು ವರ್ಷ ಲೆಕ್ಕದಿಂದ ಹೋದಂತೆಯೇ.

ಗೌಪ್ಯ ವರದಿಯ ಬಗೆಗೂ ಇಂಥದೇ ಉದಾಸೀನವಿದೆ. ‘ಸಾಹೇಬರು ಉತ್ತಮ ಅಂತ ಬರೆದಿದ್ದಾರಂತೆ, ಸಾಕು’ ಎಂದು ತೃಪ್ತರಾಗುವವರು ಗಮನಿಸಬೇಕಾದ ತೀರ್ಪೊಂದು 2008ರಲ್ಲಿ ಬಂದಿತು. ಗಡಿರಸ್ತೆ ಸಂಸ್ಥೆಯ ಎಂಜಿನಿಯರೊಬ್ಬರಿಗೆ ಒಂದು ವರ್ಷ ‘ಉತ್ತಮ’ ಎಂದು ಬರೆದಿದ್ದರು. ಮುಂಬಡ್ತಿಗೆ ಬೇಕಾಗಿದ್ದುದು ಐದು ವರ್ಷಗಳ ‘ಅತ್ಯುತ್ತಮ’. ಆ ಒಂದು ಹೊಗಳಿಕೆಯೇ ಅವರಿಗೆ ಅಡ್ಡಿಯಾಯಿತು, ಮತ್ತು ಅದು ಅವರಿಗೆ ಗೊತ್ತೇ ಇರಲಿಲ್ಲ. ವರದಿಯ ಪ್ರತಿಯೊಂದು ಷರಾವನ್ನೂ, ಕೆಟ್ಟದ್ದಾಗಲಿ ಒಳ್ಳೆಯದಾಗಲಿ, ನೌಕರನಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಹೀಗೆ ತಿಳಿದುಕೊಳ್ಳುವ ಹಕ್ಕು ಬಂದು ಇಷ್ಟು ವರ್ಷವಾದರೂ ಕೇಳಿ ಪಡೆದವರು ನಿಮ್ಮಲ್ಲಿ ಎಷ್ಟು ಮಂದಿ?

ಇಲಾಖಾ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೋಕಸೇವಾ ಆಯೋಗ ಅವನ್ನು ಸಾಮಾನ್ಯವಾಗಿ ವರ್ಷಕ್ಕೆರಡು ಅಧಿವೇಶನಗಳಲ್ಲಿ ನಡೆಸುತ್ತದೆ. ಮಕ್ಕಳು ಚಿಕ್ಕವರಿದ್ದಾರೆ, ಮುಂದಿನ ಸಲ ಬರೆಯೋಣವೆಂದು ಅಕೌಂಟ್ಸ್ ಹೈಯರನ್ನು ಮುಂದೂಡುತ್ತ ಹೋದವರ ಮಕ್ಕಳು ಈಗ ಎಂಜಿನಿಯರುಗಳಾಗಿದ್ದಾರೆ.

ಬೆಂಗಳೂರಿನ ಕಂಪೆನಿಗಳಲ್ಲಿರುವವರು ಇದೆಲ್ಲ ಸರ್ಕಾರಿ ಕಚೇರಿಯ ಪುರಾಣವೆಂದು ನಗಬೇಡಿರಿ. ನಿಮ್ಮಲ್ಲೂ ವರ್ಷಕ್ಕೊಮ್ಮೆ ಅಪ್ರೈಸಲ್ ಎಂಬುದಿದೆ. ಅದರಲ್ಲಿ ನಿಮ್ಮ ಸಾಧನೆಯನ್ನು ನೀವೇ ಬರೆಯಬೇಕಾದ ಅಂಕಣವಿರುತ್ತದೆ. ಕೊನೆಯ ರಾತ್ರಿ ಕುಳಿತು ‘ಶ್ರಮವಹಿಸಿ ಕೆಲಸ ಮಾಡಿದ್ದೇನೆ’ ಎಂದು ಎರಡು ಸಾಲು ಗೀಚಿ ಕಳುಹಿಸಿದ ವಿದ್ಯಾರ್ಥಿಯೊಬ್ಬ ಅದನ್ನು ನನಗೆ ತೋರಿಸಿದಾಗ, ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ನಾನೆಷ್ಟು ಅಂಕ ಕೊಡುತ್ತಿದ್ದೆನೆಂದು ಅವನನ್ನೇ ಕೇಳಿದೆ. ಆ ವರ್ಷ ಮೂರು ತಿಂಗಳು ರಾತ್ರಿ ಪಾಳಿ ಮಾಡಿ, ಗ್ರಾಹಕರೊಬ್ಬರ ದೊಡ್ಡ ತೊಂದರೆಯನ್ನು ಬಗೆಹರಿಸಿದವನು ಅವನು. ಆ ಸಂಗತಿ ಎಲ್ಲಿಯೂ ಬರೆದಿಡಲ್ಪಟ್ಟಿರಲಿಲ್ಲ. ಆಗಿದ್ದ ಮ್ಯಾನೇಜರೂ ಬೇರೆಡೆಗೆ ಹೋಗಿದ್ದರು. ತಿಂಗಳ ಕೊನೆಯ ದಿನ ಹತ್ತು ನಿಮಿಷ ಕುಳಿತು, ಏನು ಮಾಡಿದೆ, ಯಾರಿಗೆ ಅದರಿಂದ ಏನಾಯಿತು, ಎಷ್ಟು ಸಮಯ ಅಥವಾ ಹಣ ಉಳಿಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರೆ ಸಾಕಿತ್ತು. ಈಗ ಬರೆದುಕೊಳ್ಳುತ್ತಿದ್ದಾನೆ.

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಇನ್ನೊಂದು ತೊಂದರೆ. ಮೀಟಿಂಗಿನಲ್ಲಿ ಇಂಗ್ಲಿಷಿಗೆ ಅಂಜಿ ಸುಮ್ಮನಿರುತ್ತಾರೆ, ಕೇಳಿದ್ದಕ್ಕೆಲ್ಲ ‘ಆಯ್ತು ಸರ್’ ಎನ್ನುತ್ತಾರೆ. ಗುರುವಾರಕ್ಕೆ ಆಗದ ಕೆಲಸಕ್ಕೂ ಆಯ್ತು ಸರ್. ಬುಧವಾರ ಸಂಜೆಯವರೆಗೆ ಬಾಯಿಬಿಡದೆ, ಗುರುವಾರ ತಲೆತಗ್ಗಿಸಿ ನಿಲ್ಲುತ್ತಾರೆ. ಆಗುವುದಿಲ್ಲವೆಂದು ಸೋಮವಾರವೇ ಹೇಳಿದವನ ಮೇಲೆ ಮೇಲಧಿಕಾರಿ ಸಿಡುಕಬಹುದು, ಆದರೆ ನಂಬಿಕೆ ಕಳೆದುಕೊಳ್ಳುವುದಿಲ್ಲ. ಬಾಯಿಮಾತಿನಲ್ಲಿ ಹೇಳಲು ಹೆದರಿಕೆಯಾದರೆ ಮೇಲ್ ಬರೆಯಿರಿ. ಯಾರಾದರೂ ಕೆಲಸವನ್ನು ಬಾಯಿಮಾತಿನಲ್ಲಿ ಒಪ್ಪಿಸಿದರೆ, ‘ತಾವು ಹೇಳಿದ್ದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ’ ಎಂದು ಅದೇ ದಿನ ಎರಡು ಸಾಲು ಕಳುಹಿಸಿರಿ. ಇದು ಅಧಿಕಪ್ರಸಂಗವಲ್ಲ.

ನನ್ನ ತಮ್ಮನೊಡನೆ ಈ ವಿಷಯವಾಗಿ ವಾದವೇ ಆಯಿತು. ‘ಅಣ್ಣಾ, ಯೋಗ್ಯತೆಯಿದ್ದವನು ಹೀಗೆ ಕಾಗದ ಹಿಡಿದು ಓಡಾಡಬೇಕೇ? ಮಾಸ್ತಿಯವರು ಏನು ಮಾಡಿದರು?’ ಎಂದ. ಕಿರಿಯರೊಬ್ಬರನ್ನು ತಮಗಿಂತ ಮೇಲಿನ ಸ್ಥಾನಕ್ಕೆ ತಂದಾಗ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ಹಿರಿಯ ಹುದ್ದೆಗೆ 1940ರ ದಶಕದಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಅದು ದೊಡ್ಡ ಮಾತು. ಆದರೆ ಅವರು ಸುಮ್ಮನೆ ಕೂರಲಿಲ್ಲವೆಂಬುದನ್ನು ನನ್ನ ತಮ್ಮ ಮರೆತಿದ್ದ. ರಾಜೀನಾಮೆಯೂ ಬರೆದು ಕೊಡುವ ಕಾಗದವೇ ತಾನೆ! ಮನೆಸಾಲದ ಕಂತು ಕಟ್ಟುತ್ತಿರುವ ನಮ್ಮ ಹುಡುಗರಿಗೆ ಆ ಕಾಗದ ದುಬಾರಿ. ಅವರಿಗೆ ಎಟಕುವುದು ಮನವಿ, ಆಕ್ಷೇಪಣೆ, ನೆನಪೋಲೆ.

ಕಾಗದವೊಂದರಿಂದಲೇ ಎಲ್ಲ ಸರಿಹೋಗುತ್ತದೆಂದು ನಾನು ಹೇಳಲಾರೆ. ಜಾತಿ, ಶಿಫಾರಸು, ಹಣ ಇವುಗಳ ಪ್ರಭಾವ ಕಚೇರಿಗಳಲ್ಲಿ ಇದೆ. ಅಚ್ಚುಕಟ್ಟಾಗಿ ದಾಖಲೆ ಇಟ್ಟವರನ್ನೂ ಅವು ತುಳಿದದ್ದನ್ನು ಕಂಡಿದ್ದೇನೆ. ಆದರೆ ಅನ್ಯಾಯವಾದಾಗ ಮೇಲ್ಮನವಿಯನ್ನು ಕೇಳುವವರು ನಮ್ಮ ನಿಷ್ಠೆಯನ್ನು ಕಣ್ಣಾರೆ ಕಂಡವರಲ್ಲ. ಅವರು ಓದುವುದು ನಾವು ಮುಂದಿಡುವ ಪುಟಗಳನ್ನು. ದಾಖಲೆ ತಮ್ಮ ಕೈಯಲ್ಲಿ ಇಲ್ಲದವರು 2005ರ ಮಾಹಿತಿ ಹಕ್ಕು ಕಾಯಿದೆಯಡಿ ತಮ್ಮದೇ ಸೇವಾ ಪುಸ್ತಕದ ಪ್ರತಿಯನ್ನು ಕೇಳಬಹುದು. ನನ್ನ ವಿದ್ಯಾರ್ಥಿನಿ ಕೊನೆಗೆ ಮಾಡಿದ್ದು ಅದನ್ನೇ. ಸೇರಿದ ದಿನದ ಮೂಲ ನಮೂದು ಸರಿಯಾಗಿಯೇ ಇತ್ತು. ತಪ್ಪಿದ್ದುದು ಪಟ್ಟಿಯಲ್ಲಿ ಮಾತ್ರ. ಆ ಪ್ರತಿಯನ್ನು ಲಗತ್ತಿಸಿ ಮನವಿ ಕೊಟ್ಟಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಕಳೆದ ತಿಂಗಳು ಮೊದಲ ನೆನಪೋಲೆಯನ್ನೂ ಕಳುಹಿಸಿದಳು.

ಮನವಿ ಬರೆಯುವುದು ಕಷ್ಟವಲ್ಲ. ಹತ್ತನೆಯ ತರಗತಿಯಲ್ಲಿ ನಿಮಗೆಲ್ಲ ಪತ್ರಲೇಖನವಿತ್ತು. ಇಂದ, ಗೆ, ವಿಷಯ, ಉಲ್ಲೇಖ, ದಿನಾಂಕ. ಒಂದು ಪತ್ರದಲ್ಲಿ ಒಂದೇ ವಿಷಯ. ದೂರುವ ಮಾತು, ವಿಶೇಷಣ, ಕಣ್ಣೀರು ಬೇಡ. ಏನಾಯಿತು, ಯಾವ ಆದೇಶದ ಪ್ರಕಾರ ಏನಾಗಬೇಕಿತ್ತು, ಏನನ್ನು ಕೋರುತ್ತೀರಿ ಎಂಬ ಮೂರು ಪರಿಚ್ಛೇದಗಳು ಸಾಕು. ಎರಡು ಪ್ರತಿ ಮಾಡಿ, ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡೇ ಅಲ್ಲಿಂದ ಹೊರಡಿರಿ. ಕೊಡುವ ಮೊದಲು ನನಗೊಮ್ಮೆ ಕಳುಹಿಸಿದರೆ ಓದಿ, ಕಾಗುಣಿತ ತಿದ್ದಿ, ಮರುದಿನವೇ ಹಿಂದಿರುಗಿಸುತ್ತೇನೆ. ಕೆಂಪು ಶಾಯಿಯ ಪೆನ್ನು ಇನ್ನೂ ಇದೆ.