ಕೆನಾಲಿಗೆ ದೋಣಿ ಆಮೇಲೆ, ಮೊದಲು ಪಾವಟಿಗೆ ಕಟ್ಟಿರಿ

ಮೊನ್ನೆ ನಮ್ಮ ಓಣಿಯ ಮೂವರು ಹುಡುಗರು ಮನೆಗೆ ಬಂದು ಪಡಸಾಲೆಯಲ್ಲಿ ಒಂದು ಪೆಟ್ಟಿಗೆ ಬಿಚ್ಚಿದರು. ಒಳಗೆ ಮಡಿಚಿಟ್ಟ ರಬ್ಬರಿನ ದೋಣಿ. ಪಂಪಿನಿಂದ ಗಾಳಿ ತುಂಬಿದರೆ ಒಬ್ಬನೇ ಕೂತು ಹುಟ್ಟು ಹಾಕಿಕೊಂಡು ಹೋಗಬಹುದು. ಕಯಾಕ್ ಎನ್ನುತ್ತಾರಂತೆ. "ಕಾಕಾ, ನಾರಾಯಣಪುರದಿಂದ ಇಂಡಿ ಮುಟ್ಟ ಕೆನಾಲದಾಗ ಇದರ ಮ್ಯಾಲ ಹೋಗಬೇಕಂತ ಮಾಡೀವಿ. ನಿಮ್ಮ ಪೇಪರದಾಗ ಒಂದು ಫೋಟೋ ಹಾಕ್ರಿ" ಎಂದರು.

ಬ್ಯಾಡ್ರೆಪಾ ಎಂದೆ. ಯಾಕೆ ಎಂದು ಕೇಳಿದರು. ಆ ಹೊತ್ತಿಗೆ ಬಾಯಿಗೆ ಬಂದ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅವರಿಗೆ ಹೇಳಬೇಕಾದ ಉತ್ತರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಮಸ್ತರಿಗೂ ಸಂಬಂಧಪಟ್ಟದ್ದು. ಆದ್ದರಿಂದ ಈ ಅಂಕಣದಲ್ಲಿ ಬರೆಯುತ್ತಿದ್ದೇನೆ.

ಕಾಲುವೆಯಲ್ಲಿ ದೋಣಿ ಎಂಬುದು ಹುಚ್ಚು ಮಾತೇನೂ ಅಲ್ಲ. ಇಂಗ್ಲೆಂಡಿನಲ್ಲಿ ರೈಲು ಬರುವ ಮೊದಲು ಕಲ್ಲಿದ್ದಲು, ಮಡಕೆ-ಕುಡಿಕೆ ಎಲ್ಲ ಸಾಗುತ್ತಿದ್ದುದು ಕಾಲುವೆಯಲ್ಲೇ. ಆ ಹಳೆಯ ಕಾಲುವೆಗಳಲ್ಲಿ ಇಂದು ಜನ ಮೋಜಿಗಾಗಿ ದೋಣಿ ನಡೆಸುತ್ತಾರೆ. ನಮ್ಮ ನೆರೆಯ ಸೀಮೆಯಲ್ಲೂ ಈ ಪ್ರಯತ್ನ ನಡೆದಿತ್ತು. ಸರ್ ಆರ್ಥರ್ ಕಾಟನ್ ಎಂಬ ಇಂಜಿನಿಯರ ಸಾಹೇಬನಿಗೆ ನೀರಾವರಿ ಮತ್ತು ಸಾಗಾಟ ಎರಡೂ ಒಂದೇ ಕಾಲುವೆಯಿಂದ ಆಗಬೇಕೆಂಬ ಹಟ. ಆತನ ಮಾತಿನಂತೆ 1858ರಲ್ಲಿ ಹುಟ್ಟಿದ ಮದ್ರಾಸ್ ಇರಿಗೇಶನ್ ಕಂಪನಿ, ತುಂಗಭದ್ರೆಗೆ ಸುಂಕೇಶುಲದಲ್ಲಿ ಒಡ್ಡು ಹಾಕಿ ಕರ್ನೂಲು-ಕಡಪ ಕಾಲುವೆಯನ್ನು ತೋಡಿತು. ನೆಲ ಇಳಿಯುವಲ್ಲೆಲ್ಲ ದೋಣಿ ಇಳಿಸಲು, ಏರಿಸಲು ಜೋಡಿ ಬಾಗಿಲಿನ ಕಟ್ಟೆಗಳನ್ನೂ ಕಟ್ಟಿದರು. ಆಗಿದ್ದೇನು? ದೋಣಿಯಿಂದ ಹುಟ್ಟುವಳಿ ಬರಲಿಲ್ಲ. ಎರೆಭೂಮಿಯ ರೈತರು ನೀರು ಕೊಳ್ಳಲು ಮುಂದಾಗಲಿಲ್ಲ. 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಳ್ಳಬೇಕಾಯಿತು. ಇಂದು ಅದು ಹೊಲಕ್ಕೆ ನೀರುಣಿಸುವ ಕಾಲುವೆ ಮಾತ್ರ.

ಇದರ ಒಳಗುಟ್ಟು ಸರಳ. ದೋಣಿಗೆ ಬೇಕಾದದ್ದು ನಿಂತಂತಿರುವ ನೀರು. ಹೊಲಕ್ಕೆ ಬೇಕಾದದ್ದು ಓಡುವ ನೀರು. ಇಂಗ್ಲೆಂಡಿನ ಕಾಲುವೆ ಹೆಚ್ಚುಕಡಿಮೆ ಉದ್ದನೆಯ ಕೆರೆ ಇದ್ದಂತೆ, ನಮ್ಮದು ಬಿಟ್ಟ ಬಾಣ.

ಬಾಣ ಎಂಬುದು ಅಲಂಕಾರದ ಮಾತಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್. ಅಂದರೆ ಸೆಕೆಂಡಿಗೆ 2 ಲಕ್ಷ 83 ಸಾವಿರ ಲೀಟರು. ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುವ 10,000 ಲೀಟರಿನ ಟ್ಯಾಂಕರು ಇದೆಯಲ್ಲ, ಅಂಥವು 28 ಟ್ಯಾಂಕರು ಕಣ್ಣು ಮಿಟುಕಿಸುವುದರೊಳಗೆ ಎದುರಿಗೆ ಹಾದುಹೋದ ಹಾಗೆ. ಬದಿಗಳು ಕಾಂಕ್ರೀಟಿನ ಇಳಿಜಾರು, ಅದರ ಮೇಲೆ ಪಾಚಿ. ಬಿದ್ದವನಿಗೆ ಹಿಡಿಯಲು ಒಂದು ಬೇರಿಲ್ಲ, ಕಲ್ಲಿಲ್ಲ. ಹಳ್ಳ ಅಡ್ಡ ಬಂದಲ್ಲಿ ದೊಡ್ಡ ಕಾಲುವೆಗಳು ಮೇಲ್ಸೇತುವೆಯ ಮೇಲೆ ದಾಟುತ್ತವೆ, ಇಲ್ಲವೆ ನೆಲದೊಳಗಿನ ಪೆಟ್ಟಿಗೆಯಲ್ಲಿ ಮುಳುಗಿ ಆಚೆ ಏಳುತ್ತವೆ. ನೀರಿಗೆ ಅದು ಆಟ, ಮನುಷ್ಯನಿಗೆ ಅಲ್ಲ. ಇನ್ನು ತಿಡಗುಂದಿಯ ಮೇಲ್ಗಾಲುವೆ ನೋಡಿದವರಿಗೆ ಗೊತ್ತು. 14 ಕಿಲೋಮೀಟರಿಗೂ ಮಿಕ್ಕಿ ಕಂಬಗಳ ಮೇಲೆ ನೀರು ನಡೆಯುತ್ತದೆ. ಅಲ್ಲಿ ದೋಣಿ ಮಗುಚಿದರೆ ಕೂಗು ಕೆಳಗಿನ ಹೊಲದವನಿಗೆ ಮುಟ್ಟಬೇಕು, ಆತ ಮೇಲೆ ಹತ್ತಬೇಕು!

ಹೊಸದಾಗಿ ಇನ್ನೊಂದು ಸಂಗತಿ ಸೇರಿದೆ. ಈ ಎಡದಂಡೆ ಕಾಲುವೆಯ ನವೀಕರಣ ಕಾಮಗಾರಿಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದರು. ಕಲಬುರಗಿ, ಯಾದಗಿರಿ, ವಿಜಯಪುರ ಈ ಮೂರು ಜಿಲ್ಲೆಗಳ 560 ಹಳ್ಳಿಗಳಿಗೆ ಲಾಭ ಎಂದು ಅಂದು ಸರ್ಕಾರ ಹೇಳಿತು. ಕೆಲಸದಲ್ಲಿ ಗೇಟುಗಳನ್ನು ದೂರದ ಕೊಠಡಿಯಿಂದ ಕಂಪ್ಯೂಟರಿನ ಮೂಲಕ ಎತ್ತಿ ಇಳಿಸುವ ವ್ಯವಸ್ಥೆಯೂ ಸೇರಿತು. ನೀರಿನ ಲೆಕ್ಕಕ್ಕೆ ಇದು ಒಳ್ಳೆಯದೇ. ಆದರೆ ಗೇಟಿನ ಮಗ್ಗುಲಿಗೆ ಆಳು ನಿಂತಿದ್ದರೆ "ಏ ತಮ್ಮಾ, ಗೇಟ ಇಳಸಬ್ಯಾಡೋ" ಎಂದು ಕೂಗಬಹುದಿತ್ತು. ಕಂಪ್ಯೂಟರಿಗೆ ಕೂಗು ಕೇಳಿಸುವುದಿಲ್ಲ.

ಇಷ್ಟು ಹೇಳಿದರೆ ಹುಡುಗರ ದೋಣಿಯ ಪ್ರಶ್ನೆ ಮುಗಿಯಿತು. ನನ್ನ ತಲೆಯಲ್ಲಿ ಮುಗಿಯದೆ ಉಳಿದದ್ದು ಬೇರೆ. ದೋಣಿಯಲ್ಲಿ ಹೋಗುವ ಹುಡುಗರು ಮೂವರೇ. ದೋಣಿ ಇಲ್ಲದೆ ದಿನಾಲೂ ಈ ಕಾಲುವೆಗೆ ಇಳಿಯುವವರು ಸಾವಿರಾರು ಜನ. ಬಟ್ಟೆ ಒಗೆಯುವ ಹೆಣ್ಣುಮಕ್ಕಳು, ಎಮ್ಮೆ ಮೈತೊಳೆಯುವವರು, ಪಂಪಿನ ಫುಟ್‌ವಾಲ್ವ್ ಸರಿಮಾಡುವ ರೈತರು, ಏಪ್ರಿಲ್-ಮೇ ಬಿಸಿಲಿಗೆ ಶಾಲೆಗೆ ಸೂಟಿ ಬಿಟ್ಟ ಮಕ್ಕಳು. ಕಾಲುಜಾರಿ ಹೋದವರ ಸುದ್ದಿಯನ್ನು ನಾವು ಮೂರನೆಯ ಪುಟದಲ್ಲಿ ನಾಲ್ಕು ಸಾಲು ಹಾಕುತ್ತೇವೆ, ಮರುದಿನ ಮರೆಯುತ್ತೇವೆ. ಒಬ್ಬರನ್ನು ಹಿಡಿಯಹೋಗಿ ಇನ್ನೊಬ್ಬರು ಹೋದ ಸುದ್ದಿಯೂ ಅದರಲ್ಲಿ ಇರುತ್ತದೆ.

ಹೊಳೆಯ ದಂಡೆಯ ನಮ್ಮ ಜನಕ್ಕೆ ನೀರು ಹೊಸದೇ? ಕೃಷ್ಣೆ, ಭೀಮೆ ಎರಡರ ನಡುವೆ ಬಾಳಿದವರು ನಾವು. ಹರಗೋಲು ನಮ್ಮದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ ಪ್ರವಾಸಿ ಪಾಯಸ್ ಇದನ್ನು ಕಂಡು ಬೆರಗಾಗಿದ್ದ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂಡಬಹುದು, ಆದರೆ ನೆಟ್ಟಗೆ ಹೋಗದೆ ಗಿರಿಗಿರಿ ತಿರುಗುತ್ತದೆ ಎಂದು ಬರೆದಿಟ್ಟಿದ್ದಾನೆ. ಈಗ ಚರ್ಮದ ಬದಲು ಡಾಂಬರು ಬಳಿದ ಹಾಳೆ ಬಂದಿದೆ, ತಿರುಗುವುದು ಮಾತ್ರ ಬಿಟ್ಟಿಲ್ಲ. ಕೃಷ್ಣೆಯ ನಡುಗಡ್ಡೆಗಳ ಜನ ಒಣಗಿದ ಕುಂಬಳಕಾಯಿ ಬೆನ್ನಿಗೆ ಕಟ್ಟಿಕೊಂಡು ತುಂಬಿದ ಹೊಳೆ ಈಜಿದ್ದನ್ನು ಪತ್ರಿಕೆಯವರೇ ಬರೆದಿದ್ದೇವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದ. ಬಸವಣ್ಣ ಹುಟ್ಟಿದ ಬಾಗೇವಾಡಿಯವರಿಗೆ ಇದನ್ನು ಹೇಳಬೇಕಾಗಿಲ್ಲ.

ಹೊಳೆಗೆ ಘಟ್ಟ ಇತ್ತು. ಇಳಿಯಲು ಪಾವಟಿಗೆ ಇತ್ತು. ಎಲ್ಲಿ ಮಡು, ಎಲ್ಲಿ ಸೆಳವು ಎಂದು ಅಂಬಿಗನಿಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಮಳೆ ಬಂದರೆ ಹೊಳೆ ಏರುತ್ತದೆಂದು ಆಕಾಶ ನೋಡಿ ಹೇಳುತ್ತಿದ್ದರು. ಕೆನಾಲು ಹಾಗಲ್ಲ. ಆಕಾಶದಲ್ಲಿ ಮೋಡದ ಚೂರಿಲ್ಲದ ದಿನವೇ ತುಂಬಿ ಬರುತ್ತದೆ. ನಿನ್ನೆ ಮೊಣಕಾಲುದ್ದ ಇದ್ದದ್ದು ಇಂದು ಎರಡಾಳುದ್ದ. ಇದನ್ನು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿಯ ಸಭೆ. ವಾರಾಬಂದಿಯಂತೆ ಇಷ್ಟು ದಿನ ಚಾಲು, ಇಷ್ಟು ದಿನ ಬಂದ್. ಆ ತಾರೀಖುಗಳು ಪೇಪರಿಗೆ ಬರುತ್ತವೆ, ರೈತರ ಮೊಬೈಲಿಗೂ ಬರುತ್ತವೆ. ಕಾಲುವೆಯ ಏರಿಯ ಮೇಲೆ ಬಟ್ಟೆಗಂಟು ಹೊತ್ತು ಹೋಗುವ ತಾಯಿಗೆ ಯಾರು ಹೇಳಬೇಕು?

ಹಂಪಿಯ ಕಡೆ ಹೋದವರು ತುರ್ತಾ ಕಾಲುವೆ ನೋಡಿರಬೇಕು. ವಿಜಯನಗರದ ಕಾಲದ್ದು, ಇಂದಿಗೂ ಗದ್ದೆಗೆ ನೀರುಣಿಸುತ್ತದೆ. ಬಂಡೆಗಳ ನಡುವೆ ಬಳುಕಿಕೊಂಡು ಹೋಗುತ್ತದೆ, ದಂಡೆಯಲ್ಲಿ ಬಟ್ಟೆ ಒಗೆಯುತ್ತಾರೆ, ಊರಿನವರಿಗೆ ಅದರ ಮೈಯೆಲ್ಲ ಪರಿಚಯ. ಅಲ್ಲಿ ಕಾಲುವೆ ಊರಿನದು, ಇಲ್ಲಿ ಸರ್ಕಾರದ್ದು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟದ್ದು 1964ರ ಮೇ 22. ನಾರಾಯಣಪುರದ ಬಸವಸಾಗರ ಮುಗಿದದ್ದು 1982. ಕೃಷ್ಣಾ ಭಾಗ್ಯ ಜಲ ನಿಗಮ ಆದದ್ದು 1994. ಇಷ್ಟು ವರ್ಷ ನಾವು ನೀರು ಕೇಳಿದೆವು, ಕೇಳಬೇಕಾದದ್ದೇ. ಒಂದು ಪಾವಟಿಗೆ ಕೇಳುವ ನೆನಪು ಯಾವ ಪುಢಾರಿಗೂ ಬರಲಿಲ್ಲ, ಬರೆಯುವ ನಮಗೂ ಬರಲಿಲ್ಲ.

ಹಳೆಯ ಕಾಲುವೆಗಳೆಲ್ಲ ಸುರಕ್ಷಿತ ಎಂದೂ ನಾನು ಹೇಳಲಾರೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಗೆ 2018ರ ನವೆಂಬರ್ 24ರಂದು ಕನಗನಮರಡಿಯ ಹತ್ತಿರ ಬಸ್ಸು ಉರುಳಿ 30 ಜನ ತೀರಿಕೊಂಡರು. ಹೋದವರಲ್ಲಿ ಶಾಲೆಯ ಮಕ್ಕಳೂ ಇದ್ದರು. ತಡೆಗೋಡೆಯ ಮಾತು ಜೋರಾದದ್ದು ಆಮೇಲೆ. ನಮ್ಮ ಕಡೆ ಕೆನಾಲಿನ ಏರಿಯೇ ಎಷ್ಟೋ ಹಳ್ಳಿಗಳಿಗೆ ಹತ್ತಿರದ ದಾರಿ. ಟ್ರ್ಯಾಕ್ಟರು, ಟಂಟಂ, ಕಬ್ಬಿನ ಗಾಡಿ ಎಲ್ಲ ಅದರ ಮೇಲೆಯೇ.

ಮಾಡಬೇಕಾದ್ದು ದೊಡ್ಡ ಯೋಜನೆಯಲ್ಲ, ಟೆಂಡರಿನಲ್ಲಿ ಹೆಸರು ಮಾಡುವಂಥದ್ದೂ ಅಲ್ಲ. ಬಹುಶಃ ಅದಕ್ಕೇ ಆಗಿಲ್ಲ. ಕಾಲುವೆ ಊರನ್ನು ಮುಟ್ಟುವಲ್ಲಿ ಎರಡೂ ದಂಡೆಗೆ ಪಾವಟಿಗೆ, ದನ ಇಳಿಯಲು ಒಂದು ಕಡೆ ಇಳುಕಲು, ಅದರ ಕೆಳಗೆ ಸ್ವಲ್ಪ ದೂರದಲ್ಲಿ ಅಡ್ಡಲಾಗಿ ಒಂದು ಸರಪಳಿ, ಬಿದ್ದವನು ಹಿಡಿದುಕೊಳ್ಳಲು. ನೀರು ಬಿಡುವ ದಿನ ಗುಡಿಯ ಮೈಕಿನಲ್ಲಿ, ಮಸೀದಿಯ ಮೈಕಿನಲ್ಲಿ ಒಂದು ಕೂಗು. ಡಂಗುರ ಸಾರುವ ಪದ್ಧತಿ ನಮ್ಮಲ್ಲಿ ಸತ್ತುಹೋಗಿಲ್ಲ.

ದೋಣಿ ಬೇಕೇ ಬೇಕೆಂದರೆ ಅದಕ್ಕೆ ಜಾಗ ಇದೆ. ಆಲಮಟ್ಟಿಯ ಶಾಸ್ತ್ರಿ ಸಾಗರದ ಹಿನ್ನೀರು ಕಣ್ಣು ಹಾಯಿಸಿದಷ್ಟು ದೂರ ಬಿದ್ದಿದೆ. ಹಳೆಯ ಕೊಲ್ಹಾರವನ್ನು ನುಂಗಿದ ನೀರು ಅದು. (ಕೊಲ್ಹಾರದ ಮೊಸರು ಮಾತ್ರ ಮುಳುಗದೆ ಉಳಿಯಿತು, ಪುಣ್ಯ.) ಯಂತ್ರದ ದೋಣಿಗೆ ನೋಂದಣಿ, ತಪಾಸಣೆ ಬೇಕೆಂದು 2021ರ ಒಳನಾಡು ಹಡಗುಗಳ ಕಾಯ್ದೆ ಹೇಳುತ್ತದೆ. ಆ ಪ್ರಕಾರ ಜಾಕೀಟು ಸಹಿತ ವ್ಯವಸ್ಥೆ ಮಾಡಿ, ನಡೆಸುವ ಕೆಲಸ ದಂಡೆಯ ಅಂಬಿಗರ ಮಕ್ಕಳಿಗೇ ಕೊಟ್ಟರೆ ಯಾರು ಬೇಡ ಎಂದಾರು? ಸೇತುವೆಗಳು ಬಂದ ಮೇಲೆ ಹುಟ್ಟು ಮೂಲೆಗಿಟ್ಟ ಮನೆಗಳು ಅಲ್ಲಿ ಬಹಳ ಇವೆ. ಕಾಲುವೆಯಲ್ಲಿ ಬಿದ್ದವರನ್ನು ತೆಗೆಯಲು ಇಂದಿಗೂ ಕರೆಯುವುದು ಅವರನ್ನೇ.

ಮರುದಿನ ಹುಡುಗರನ್ನು ಮತ್ತೆ ಕರೆಸಿ ಇದನ್ನೆಲ್ಲ ಹೇಳಿದೆ. ಅವರಲ್ಲಿ ಸಣ್ಣವ ಸ್ವಲ್ಪ ಚುರುಕು. "ಕಾಕಾ, ಇಂಡಿ ಶಾಖಾ ಕಾಲುವೆ 170 ಕಿಲೋಮೀಟರಿಗೂ ಉದ್ದ ಐತಿ. ಕಡೀಕ ನೀರು ಮುಟ್ಟೂದುಲ್ಲಂತ ರೈತರು ಧರಣಿ ಕೂಡ್ತಾರ. ನಾವು ದೋಣಿ ಮ್ಯಾಲ ಹೋದ್ರ ನೀರು ಎಲ್ಲಿ ಮುಗೀತೈತಿ ಅಂತ ಗೊತ್ತಾಗತಿತ್ತು" ಎಂದ.

ಇದು ನನಗೆ ಹೊಳೆದಿರಲಿಲ್ಲ. ತಲೆಯಲ್ಲಿ ಮುಳುಗುವಷ್ಟು ನೀರು, ಬಾಲದಲ್ಲಿ ದೋಣಿ ಹೆಗಲ ಮೇಲೆ ಹೊತ್ತು ನಡೆಯಬೇಕಾದ ಒಣ ಹಾದಿ. ಎರಡೂ ಒಂದೇ ಕಾಲುವೆ. ಟೇಲ್‌ಎಂಡಿನ ರೈತ ಎರೆಹೊಲದಲ್ಲಿ ನಿಂತು ನೋಡುವುದು ಹೂಳು ತುಂಬಿ ಜಾಲಿಕಂಟಿ ಬೆಳೆದ ಲ್ಯಾಟರಲ್ಲನ್ನು. ಅವನಿಗೆ ಮುಳುಗುವ ಭಯ ಹೇಳಿದರೆ ನಕ್ಕಾನು. ಡೋಣಿ ಹರಿದರೆ ಓಣೆಲ್ಲಾ ಕಾಳು ಎಂಬ ಗಾದೆ ನಮ್ಮಲ್ಲಿದೆ. ಆ ಡೋಣಿ ನದಿಯ ಹೆಸರು, ನೀರು ಉಪ್ಪು. ಇಂಡಿಯ ರೈತ ಕಾಯುತ್ತಿರುವುದು ಸಿಹಿನೀರಿಗೆ.

ಆದ್ದರಿಂದ ಹುಡುಗರೊಡನೆ ಒಂದು ಕರಾರು ಮಾಡಿಕೊಂಡಿದ್ದೇನೆ. ಕಯಾಕಿನ ಗಾಳಿ ಬಿಟ್ಟು ಅಟ್ಟಕ್ಕೆ ಹಾಕಿದ್ದಾರೆ. ಮುಂದಿನ ಸಲ ಕಾಲುವೆ ಬಂದ್ ಆದಾಗ ಸೈಕಲ್ಲಿನ ಮೇಲೆ ಏರಿಗುಂಟ ಹೋಗುತ್ತಾರೆ. ಎಲ್ಲಿ ಲೈನಿಂಗ್ ಒಡೆದಿದೆ, ಎಲ್ಲಿ ಗೇಟು ಕೆಟ್ಟಿದೆ, ಎಲ್ಲಿ ಹೆಣ್ಣುಮಕ್ಕಳು ಬಟ್ಟೆಗೆ ಇಳಿಯುತ್ತಾರೆ, ಎಲ್ಲಿಂದ ಮುಂದೆ ಕಾಂಕ್ರೀಟು ತೇವವನ್ನೇ ಕಂಡಿಲ್ಲ ಎಂದು ನೋಟುಬುಕ್ಕಿನಲ್ಲಿ ಊರಿನ ಹೆಸರು ಸಹಿತ ಬರೆದು ತರುತ್ತಾರೆ. ಆ ಪಟ್ಟಿಯನ್ನು ಇದೇ ಜಾಗದಲ್ಲಿ ಅಚ್ಚು ಹಾಕುತ್ತೇನೆ. ಕಾಲುವೆ ಹಾಯುವ ಊರುಗಳ ವಾಚಕರು ತಮ್ಮ ಊರಿನದನ್ನು ಒಂದು ಕಾರ್ಡಿನಲ್ಲಿ ಬರೆದು ಕಚೇರಿಗೆ ಹಾಕಿದರೂ ಆದೀತು.