ಕ್ಷೇತ್ರವೆಂದರೆ ಹೊಲ

ಕನ್ನಡ ಪಂಡಿತನಾದವನು ಭೌತಶಾಸ್ತ್ರದ ಪಾಠವನ್ನು ಕುರಿತು ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ವ್ಯಾಕರಣ ಛಂದಸ್ಸುಗಳಲ್ಲಿ ತಲೆ ನರೆತ ನನಗೆ ವಿದ್ಯುತ್ತಿನ ಗಣಿತ ತಿಳಿಯದು. ಆದರೆ ಆ ಪಾಠದಲ್ಲಿ ಬರುವ ಶಬ್ದಗಳೆಲ್ಲ ನಮ್ಮ ಮನೆಯವು. ಕೊಟ್ಟ ಮನೆಯಲ್ಲಿ ಮಕ್ಕಳು ಹೇಗಿದ್ದಾರೆಂದು ನೋಡಿಬರುವ ಅಧಿಕಾರ ತವರಿನವರಿಗೆ ಉಂಟಷ್ಟೆ.

ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎಂದು ಪುಸ್ತಕ ಹೇಳುತ್ತದೆ. ಕ್ಷೇತ್ರವೆಂದೊಡನೆ ನಮ್ಮ ವಿದ್ಯಾರ್ಥಿಗೆ ನೆನಪಾಗುವುದು ಯಾತ್ರಾಸ್ಥಳ, ಇಲ್ಲವೆ ಚುನಾವಣೆಯ ಮತಕ್ಷೇತ್ರ. ಹೊಲವೆಂಬ ಮೂಲಾರ್ಥವನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. 'ಆವೇಶ'ವೆಂದರೆ ಮೈಮೇಲೆ ಬರುವುದೆಂದು ಹುಡುಗರು ನಗುತ್ತಾರೆ. ನಗಲಿ, ಒಳಹೊಗುವುದೇ ಆ ಧಾತುವಿನ ಅರ್ಥ. ಕಬ್ಬಿಣಕ್ಕೆ ಪ್ರಿಯವಾದುದು ಅಯಸ್ಕಾಂತ. ಜನ ಅದನ್ನು ಸೂಜಿಗಲ್ಲು ಎಂದು ಕರೆದು ಕೈತೊಳೆದುಕೊಂಡರು. ಪಂಡಿತರಿಗಿಂತ ಅವರದೇ ಸುಲಭದ ದಾರಿ.

ಎರೆಹೊಲಕ್ಕೂ ಮಸಾರಿ ಹೊಲಕ್ಕೂ ಒಂದೇ ಬೀಜ ಚೆಲ್ಲಿದರೂ ಬೆಳೆ ಒಂದೇ ಆಗದು. ಬೀಜ ಬೀಳುವ ಮುನ್ನವೇ ಆ ನೆಲದ ಗುಣ ಅಲ್ಲಿರುತ್ತದೆ. ಭೌತಶಾಸ್ತ್ರದ ಕ್ಷೇತ್ರವೂ ಹಾಗೆಯೇ. ಸೂಜಿಗಲ್ಲಿನ ಸುತ್ತಲಿನ ಬಯಲು ಬರಿಯ ಬಯಲಲ್ಲ. ಅಲ್ಲಿಗೆ ಬಂದ ಕಬ್ಬಿಣದ ಚೂರನ್ನು ಯಾವ ದಿಕ್ಕಿಗೆ, ಎಷ್ಟು ಬಲದಿಂದ ಸೆಳೆಯಬೇಕೆಂಬುದು ಪ್ರತಿಯೊಂದು ಬಿಂದುವಿನಲ್ಲಿಯೂ ಮೊದಲೇ ನಿಶ್ಚಿತವಾಗಿರುತ್ತದೆ. ಇದನ್ನು ಕಂಡ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು. ಗಣಿತ ಅವನಿಗೂ ಅಷ್ಟಕ್ಕಷ್ಟೆ. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಅದು ಕಟ್ಟಿಕೊಂಡ ಬಾಗುಗೆರೆಗಳನ್ನು ನೋಡಿ ಬಲರೇಖೆಗಳ ವಿಚಾರವನ್ನು ಬೆಳೆಸಿದನು. ಸಮೀಕರಣಗಳನ್ನು ಮ್ಯಾಕ್ಸ್‌ವೆಲ್ ಆಮೇಲೆ ಬರೆದನು. ತಂತಿಯ ಸುರುಳಿಯ ಬಳಿ ಕಾಂತ ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುವುದೆಂದು ಫ್ಯಾರಡೆ 1831ರಲ್ಲಿ ಕಂಡುದೇ ಇಂದು ನಮ್ಮ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ನಡೆಯುತ್ತಿದೆ. ಮೊದಲು ಪುಡಿ, ಅನಂತರ ಪದ, ಕಡೆಗೆ ಸೂತ್ರ. ನಮ್ಮ ತರಗತಿಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ ಎಂಬುದೇ ನನ್ನ ದೂರು.

ದೂರಿಗೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಮುಂಗಾರಿಗೆ ಮುಂಚಿನ ಅಡ್ಡಮಳೆಯ ದಿನಗಳಲ್ಲಿ, ಮಲ್ಲಸಮುದ್ರದ ದಾರಿಯಲ್ಲಿ ನಡೆದುಬರುತ್ತಿದ್ದೆ. ಜೊತೆಗೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ. ಕಾಲೇಜಿನಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದನು. ನಾನು ಕೇಳಿದ್ದಕ್ಕೆ ವಿದ್ಯುತ್ ಕ್ಷೇತ್ರದ ಲಕ್ಷಣವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ್ದನು. ಅಷ್ಟರಲ್ಲಿ ಮುಗಿಲು ಕಪ್ಪಾಗಿ ಗುಡುಗು ಮೊದಲಾಯಿತು. ಇಬ್ಬರೂ ಓಡಿ ಒಂಟಿ ಬೇವಿನ ಗಿಡದ ಕೆಳಗೆ ನಿಂತೆವು. ದೂರದಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ, "ಗಿಡದ ಬುಡಕ್ಕ ಯಾಕ ನಿಂತೀರಿ ಮಾಸ್ತರ, ಹೊರಗ ಬರ್ರಿ!" ಎಂದು ಕೂಗಿದನು. ಬಂದೆವು. ಸಿಡಿಲು ಆ ಗಿಡಕ್ಕೆ ಬೀಳಲಿಲ್ಲ. ಕಥೆಗಾಗಿ ಬಿತ್ತೆಂದು ಬರೆಯಲಾರೆ. ಆದರೆ ಅಂದು ತಿಳುವಳಿಕೆಯಿದ್ದವನು ಮುದುಕನೊಬ್ಬನೇ.

ಹುಡುಗನಿಗೆ ಗೊತ್ತಿರಬೇಕಾಗಿತ್ತು. ಮೋಡದ ಕೆಳಭಾಗದಲ್ಲಿ ಸಾಮಾನ್ಯವಾಗಿ ಋಣ ಆವೇಶ ಸೇರುತ್ತದೆ. ಅದರ ಪ್ರೇರಣೆಯಿಂದ ಕೆಳಗಿನ ನೆಲದಲ್ಲಿ ಧನ ಆವೇಶ ಒಟ್ಟುಗೂಡುತ್ತದೆ. ಬಯಲಿನಲ್ಲಿ ಎತ್ತರವಾಗಿ, ಮೊನಚಾಗಿ ನಿಂತುದರ ತುದಿಯಲ್ಲಿ ಕ್ಷೇತ್ರ ಅತ್ಯಂತ ತೀವ್ರ. ಶುಭ್ರ ದಿನದಲ್ಲಿ ನೆಲದ ಬಳಿ ಮೀಟರಿಗೆ ಸುಮಾರು 100 ವೋಲ್ಟ್ ಇರುವ ಕ್ಷೇತ್ರ, ಗುಡುಗುಮೋಡದಡಿ ಸಾವಿರಾರು ವೋಲ್ಟಿಗೆ ಏರುತ್ತದೆ. ಗಿಡಕ್ಕೆ ಬಿದ್ದ ಸಿಡಿಲು ಬೊಡ್ಡೆಯಿಂದ ಪಕ್ಕದ ಮನುಷ್ಯನಿಗೆ ಹಾರಬಲ್ಲದು. ನೆಲದಲ್ಲಿ ಹರಡಿ, ಕಾಲುಗಳು ದೂರದೂರವಿರುವ ದನಗಳನ್ನು ಕೆಡವಬಲ್ಲದು. ಗುಡುಗು ಕೇಳಿಸಿತೆಂದರೆ ಪಕ್ಕಾ ಕಟ್ಟಡವನ್ನೋ ಮೇಲ್ಛಾವಣಿಯ ಮುಚ್ಚಿದ ವಾಹನವನ್ನೋ ಸೇರಬೇಕು. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು ಮೊಬೈಲಿನಲ್ಲಿ 'ದಾಮಿನಿ' ಎಂಬ ಮುನ್ಸೂಚನೆಯನ್ನೂ ಒದಗಿಸಿದ್ದಾರೆ. ಹೆಸರಿಟ್ಟವರು ಕಾವ್ಯ ಬಲ್ಲವರಿರಬೇಕು.

ಇವೆಲ್ಲ ಆ ಲಕ್ಷಣವಾಕ್ಯದೊಳಗೇ ಅಡಗಿದ್ದವು. ಹುಡುಗನಿಗೆ ವಾಕ್ಯ ದೊರಕಿತ್ತು, ಹೊಲ ದೊರಕಿರಲಿಲ್ಲ. ಅವನು ಮನೆಗೆ ಹೋಗಿ, ಹೊಲದಲ್ಲಿ ದುಡಿಯುವ ತಾಯಿತಂದೆಗಳಿಗೆ ಹೇಳಬಲ್ಲ ಮಾತಿನಲ್ಲಿ ಆ ಪಾಠ ನಡೆದಿರಲಿಲ್ಲ. ತಪ್ಪು ಇಂಗ್ಲಿಷಿನದೊಂದೇ ಎನ್ನಲಾರೆ. ಸಂಸ್ಕೃತದ ಪದವನ್ನು ಟಂಕಿಸಿ ಕೊಟ್ಟು, ಬಿಡಿಸಿ ಹೇಳದೆ ಎದ್ದುಹೋದ ನಮ್ಮಂಥ ಪಂಡಿತರದೂ ಇದೆ.

ಬೆಳ್ಳಾವೆ ವೆಂಕಟನಾರಣಪ್ಪನವರನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅವರು 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಒಬ್ಬರೇ ಮಾಡಿದ ಆ ಎರಡು ಕೆಲಸಗಳನ್ನು ನಮ್ಮ ಶಾಲೆಯಲ್ಲಿ ವಿಜ್ಞಾನದ ಮಾಸ್ತರರೂ ನಾನೂ ಕೂಡಿ ಒಂದಿಷ್ಟು ಮಾಡಲಾಗದೆ? ಪದದ ಮನೆತನವನ್ನು ನಾನು ಹೇಳುತ್ತೇನೆ, ಪ್ರಯೋಗವನ್ನು ಅವರು ತೋರಿಸಲಿ. ವಾರಕ್ಕೊಂದು ಅವಧಿ ಸಾಕು.

ಶ್ರೀಮಠದ ಪೂಜ್ಯರ ಆಶೀರ್ವಾದದಿಂದಲೂ ದಾನಿಗಳ ಔದಾರ್ಯದಿಂದಲೂ ಕಟ್ಟಡಗಳು ಎದ್ದಿವೆ, ಪದಕಗಳು ಸ್ಥಾಪಿತವಾಗಿವೆ. ಈ ಸಲ ಕಟ್ಟಡಕ್ಕೊಂದು ಸಿಡಿಲುವಾಹಕವನ್ನೂ, ತರಗತಿಗೆ ನಾಲ್ಕಾರು ದಂಡಕಾಂತಗಳನ್ನೂ ದಿಕ್ಸೂಚಿಗಳನ್ನೂ ಕೊಡಿಸಬೇಕೆಂದು ವಿನಂತಿ. ಕಬ್ಬಿಣದ ಪುಡಿಗೆ ಹಣ ಬೇಡ. ಗದಗ ಬೆಟಗೇರಿಯ ಯಾವ ವರ್ಕ್‌ಶಾಪಿನಲ್ಲಿ ಕೇಳಿದರೂ ಗುಡಿಸಿ ಕೊಡುತ್ತಾರೆ, ನಾನೇ ಹೋಗಿ ತರುತ್ತೇನೆ.