ಮುಂಜಾನೆ ಹುಳಿ, ಸಂಜೆ ಸಪ್ಪೆ

ಗೋಳಿ ಸೊಪ್ಪು ಯಾರಿಗೆ ಗೊತ್ತಿಲ್ಲ? ಕರಾವಳಿಯ ಉಪ್ಪು ಮಣ್ಣಿನಲ್ಲೂ, ವಿಜಯಪುರದ ಇಬ್ರಾಹಿಂಪುರದ ಸುತ್ತಲಿನಂಥ ಒಣ ನೆಲದಲ್ಲೂ ಅದು ಹಬ್ಬಬಲ್ಲದು. ಮಳೆ ಕೈಕೊಟ್ಟಾಗ ಅದರ ಎಲೆ ಮುಂಜಾನೆ ಹೆಚ್ಚು ಹುಳಿ, ಸಂಜೆ ಕಡಿಮೆ. ಏಕೆ?

ನೀರು ಸಾಲದಾದಾಗ ಗಿಡವು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಬಹುಮಟ್ಟಿಗೆ ಮುಚ್ಚಿ ತೇವ ಉಳಿಸಿಕೊಳ್ಳುತ್ತದೆ. ರಾತ್ರಿ ಇಂಗಾಲದ ಡೈಆಕ್ಸೈಡನ್ನು ಹಿಡಿದು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಗಲು ಆ ಆಮ್ಲವನ್ನು ಒಡೆದು, ಬಿಸಿಲಿನ ನೆರವಿನಿಂದ ಸಕ್ಕರೆ ತಯಾರಿಸುತ್ತದೆ. ಹುಳಿ ಇಳಿಯುವುದು ಹೀಗೆ. ಸೇಬಿನ ಹುಳಿಗೂ ಮುಖ್ಯವಾಗಿ ಇದೇ ಆಮ್ಲ ಕಾರಣ.

ಈ ಸೊಪ್ಪಿನಲ್ಲಿ ಒಮೇಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲವೂ ಇದೆ. 1992ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 100 ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂ. ದೇಹ ತಾನೇ ತಯಾರಿಸಿಕೊಳ್ಳಲಾರದ ಈ ಕೊಬ್ಬಿನಾಮ್ಲ ಆಹಾರದಿಂದಲೇ ಸಿಗಬೇಕು.

ಆದರೆ ಎಚ್ಚರಿಕೆಯೂ ಬೇಕು. ಗೋಳಿಯಲ್ಲಿ ಆಕ್ಸಲೇಟ್ ಹೆಚ್ಚು. ಮೂತ್ರಪಿಂಡದಲ್ಲಿ ಕಲ್ಲಾಗಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಉಳಿದವರಿಗೆ ರೊಟ್ಟಿ, ಪಲ್ಯೆಯ ಜೊತೆಗಿನ ಮೊಸರೇ ಒಳ್ಳೆಯ ಉಪಾಯ. ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ, ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ.

ಮಕ್ಕಳೇ, ಒಂದು ಮಾತು: ಮುರಿದಾಗ ಬಿಳಿ ಹಾಲು ಬಂದರೆ ಅದು ಗೋಳಿಯಲ್ಲ. ಬಾಯಿಗೆ ಹಾಕಬೇಡಿ, ಹಿರಿಯರಿಗೆ ತೋರಿಸಿ.